ಬೆನ್ನು ಮಾಡಿ ನಿಂತವನ ಕಾರ್ಡು

ಕುಮಟಾದ ಹಳೇ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ನರ್ಮದಾಳ ಹೊಲಿಗೆ ಅಂಗಡಿ. ಬ್ಲೌಸ್, ಚೂಡಿದಾರ್ ಹೊಲಿದು ಕೊಡಲಾಗುತ್ತದೆ, ಸೀರೆಗೆ ಫಾಲ್ ಹಚ್ಚಲಾಗುತ್ತದೆ ಎಂದು ಬೋರ್ಡಿನಲ್ಲಿದೆ. ಕಣಿ ಹೇಳುವ ಕಾರ್ಡಿನ ಸುದ್ದಿ ಬೋರ್ಡಿನಲ್ಲಿಲ್ಲ. ಆದರೂ ಅಳತೆ ಕೊಡಲು ಬಂದ ಹೆಂಗಸರಲ್ಲಿ ಕೆಲವರು, ನರ್ಮದಾ ಟೇಪು ಸುತ್ತಿಟ್ಟ ಮೇಲೂ ಏಳುವುದಿಲ್ಲ. ಬಾಗಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ, "ಅಕ್ಕಾ, ಒಂದ್ ಕಾರ್ಡ್ ತೆಗೀತ್ರಾ?" ಎನ್ನುತ್ತಾರೆ.

ಮನೆ ಯಾವಾಗ ಕಟ್ಟಬೇಕು, ಕೆಲಸ ಯಾವಾಗ ಸಿಗುತ್ತದೆ ಎಂದು ಕೇಳುವವರು ಜೋಯಿಸರಲ್ಲಿಗೆ ಹೋಗುತ್ತಾರೆ. ನರ್ಮದಾಳಲ್ಲಿಗೆ ಬರುವವರಿಗೆ ಬೇಕಾದದ್ದು ಇನ್ನೊಬ್ಬರ ಮನಸ್ಸು. ಅವನಿಗೆ ನನ್ನ ನೆನಪಾಗುತ್ತದೆಯೇ? ಮಾತು ಬಿಟ್ಟ ಅಕ್ಕನಿಗೆ ಇನ್ನೂ ಸಿಟ್ಟೇ ಇದೆಯೇ? ಭಟ್ಕಳದ ಒಬ್ಬಾಕೆ ತಿಂಗಳಿಗೊಮ್ಮೆ ಫೋನ್ ಮಾಡಿ, ದುಬೈಯಲ್ಲಿರುವ ಗಂಡ ಎಲ್ಲದಕ್ಕೂ ಬರೀ "ಹೂಂ" ಅನ್ನುತ್ತಾನಲ್ಲ, ಅದರ ಅರ್ಥ ಏನು ಎಂದು ಅರ್ಧ ಉರ್ದು ಅರ್ಧ ಕನ್ನಡದಲ್ಲಿ ಕೇಳುತ್ತಾಳೆ.

ಈ ವಿದ್ಯೆಯನ್ನು ನರ್ಮದಾಳಿಗೆ ಕಲಿಸಿದ್ದು ಮುಂಬೈಯ ಸುಷ್ಮಾ ಬಾಯಿ. ಆರು ವರ್ಷದ ಹಿಂದೆ ಅವರು ಗೋಕರ್ಣದಲ್ಲಿ ಮನೆ ಹಿಡಿದು ನಾಲ್ಕು ತಿಂಗಳು ಇದ್ದರು. ಹತ್ತಿಬಟ್ಟೆಯ ಉದ್ದನೆಯ ಅಂಗಿ ಹೊಲಿಸಲೆಂದು ಕುಮಟಾಕ್ಕೆ ಬಂದವರಿಗೆ ನರ್ಮದಾಳ ಕೈಕೆಲಸ ಹಿಡಿಸಿತು. ನರ್ಮದಾಳ ಕೊಂಕಣಿಗೂ ಅವರ ಮರಾಠಿಗೂ ಹೊಂದಾಣಿಕೆಯಾಯಿತು. ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಅವರು ಕತ್ತರಿಸುವ ಮೇಜಿನ ಮೇಲೆ ಎಪ್ಪತ್ತೆಂಟು ಟ್ಯಾರೋ ಕಾರ್ಡುಗಳನ್ನು ಹರಡಿ ಒಂದೊಂದರ ಚಿತ್ರವನ್ನೂ ತೋರಿಸಿದರು. ಊರಿಗೆ ಹೊರಟಾಗ ಆ ಕಟ್ಟನ್ನು ಅವಳ ಕೈಗೇ ಕೊಟ್ಟು ಹೋದರು.

"ಮನಸ್ಸಿನ ಪ್ರಶ್ನೆ ಬಂದಾಗ ಮೊದಲು ಚಿತ್ರದಲ್ಲಿರುವವರ ಮುಖ ಎತ್ತ ಇದೆ ನೋಡು," ಎಂದು ಅವರು ಹೇಳಿಕೊಟ್ಟಿದ್ದರು. "ಬಟ್ಟಲು ಹಿಡಿದು ಎದುರಿಗೆ ಬರುವವನಿದ್ದಾನೆ, ಅವನ ಮನಸ್ಸು ಓದುವುದು ಸುಲಭ. ಕಣ್ಣಿಗೆ ಬಟ್ಟೆ ಕಟ್ಟಿಕೊಂಡವಳಿದ್ದಾಳೆ, ಅವಳಿಗೆ ನೋಡಲು ಇಷ್ಟವಿಲ್ಲ. ಕಷ್ಟ ಇವನದು."

ಅವರು ಮುಂದಿಟ್ಟದ್ದು ಮೂರು ಕೋಲಿನ ಕಾರ್ಡು. ಒಬ್ಬ ಗಂಡಸು ಎತ್ತರದ ದಡದಲ್ಲಿ ನಮಗೆ ಬೆನ್ನು ಮಾಡಿ ನಿಂತಿದ್ದಾನೆ. ಅವನ ಸುತ್ತ ನೆಲಕ್ಕೆ ಊರಿದ ಮೂರು ಕೋಲು. ಒಂದನ್ನು ಕೈಯಲ್ಲಿ ಹಿಡಿದಿದ್ದಾನೆ. ಕೆಳಗೆ ಹಳದಿ ಬಣ್ಣದ ನೀರು, ನೀರಿನ ಮೇಲೆ ಹಾಯಿ ಬಿಚ್ಚಿದ ಸಣ್ಣ ಸಣ್ಣ ಹಡಗು.

"ಇವನು ಯಾರನ್ನೋ ಕಾಯುತ್ತಿರಬಹುದು. ಯಾರನ್ನೋ ಕಳಿಸಿ ನಿಂತಿರಲೂಬಹುದು. ದೂರ ಇದ್ದೂ ನಿನ್ನನ್ನೇ ನೆನೆಯುತ್ತಿದ್ದಾನೆ ಅಂತಲೂ ಹೇಳಬಹುದು, ನಿನಗೆ ಬೆನ್ನು ಹಾಕಿದ್ದಾನೆ ಅಂತಲೂ ಹೇಳಬಹುದು. ಮುಖ ಕಾಣದ ಕಡೆ ಓದುವವರು ತಮ್ಮ ಮುಖವನ್ನೇ ಅಂಟಿಸಿಬಿಡುತ್ತಾರೆ. ಹುಷಾರಾಗಿರು."

ನರ್ಮದಾ ತಲೆಯಾಡಿಸಿದ್ದಳು. ನೀರು ಹಳದಿ ಯಾಕೆ ಎಂದು ಅವಳು ಕೇಳಲಿಲ್ಲ. ಹೊತ್ತು ಮುಳುಗುವಾಗ ಧಾರೇಶ್ವರದ ಕಡಲು ಆ ಬಣ್ಣಕ್ಕೆ ಬರುವುದನ್ನು ಹುಟ್ಟಿದಾಗಿನಿಂದ ನೋಡಿದವಳು ಅವಳು.

ಅವಳ ಅಪ್ಪ ಅಣ್ಣಪ್ಪ ಧಾರೇಶ್ವರದಲ್ಲಿ ಬಲೆ ಹೆಣೆಯುತ್ತಿದ್ದ, ಹರಿದ ಬಲೆ ಸರಿಮಾಡುತ್ತಿದ್ದ. ಕಾಸರಕೋಡಿನವರೂ ತದಡಿಯವರೂ ಬಲೆ ಅಣ್ಣಪ್ಪ ಎಂದೇ ಕರೆಯುತ್ತಿದ್ದರು. ಮಳೆಗಾಲದಲ್ಲಿ ಮೀನುಗಾರಿಕೆ ನಿಂತಾಗ ಕೆಲಸ ಕಲಿಯಲು ಹೊರಗಿನ ಹುಡುಗರು ಬಂದು ಇರುತ್ತಿದ್ದರು. ನರ್ಮದಾಳಿಗೆ ಇಪ್ಪತ್ತು ತುಂಬಿದ ವರ್ಷ ಹೊನ್ನಾವರದಾಚೆಯ ಕಾಸರಕೋಡಿನಿಂದ ಮಾಬ್ಲ ಬಂದ. ಮರುವರ್ಷವೂ ಬಂದ. ಹೆಣೆಯುವ ಸೂಜಿಗೆ ನೂಲು ತುಂಬಿ ಕೊಡುವುದು ನರ್ಮದಾಳ ಕೆಲಸ. ಉಳಿದವರು ಸೂಜಿ ಖಾಲಿಯಾದರೆ ಕೂಗುತ್ತಿದ್ದರು. ಮಾಬ್ಲ ಕೂಗುತ್ತಿರಲಿಲ್ಲ, ಎದ್ದು ಬಂದು ಅವಳೆದುರು ಕೂತು, ಅವಳು ತುಂಬುವಷ್ಟು ಹೊತ್ತೂ ಕಾಯುತ್ತಿದ್ದ. ಎರಡನೆಯ ವರ್ಷ ಅವಳು ಬೇಕೆಂದೇ ನಿಧಾನಕ್ಕೆ ತುಂಬತೊಡಗಿದಳು. ಅದು ಅವನಿಗೂ ಗೊತ್ತಿತ್ತು.

ದೋಣಿಗಳು ನೀರಿಗಿಳಿಯುವ ಮುಂಚಿನ ದಿನ ಊರಿಗೆ ಹೊರಟವನು ಬಾವಿಕಟ್ಟೆಯ ಹತ್ತಿರ ನಿಂತು, "ಚೌತಿ ಹಬ್ಬ ಕಳೀಲಿ. ಮನೆಯವ್ರನ್ನ ಕರ್ಕಂಡು ಬರ್ತೆ," ಎಂದ.

"ಆತು," ಎಂದಳು ನರ್ಮದಾ. ಅಷ್ಟೇ ಅವರಿಬ್ಬರ ನಡುವೆ ಆದ ಮಾತು. ಅದನ್ನು ಅವಳು ಯಾರಿಗೂ ಹೇಳಲಿಲ್ಲ. ಬಂದ ಮೇಲೆ ಎಲ್ಲರಿಗೂ ಗೊತ್ತಾಗುತ್ತದಲ್ಲ ಎಂದುಕೊಂಡಿದ್ದಳು.

ಚೌತಿ ಕಳೆಯಿತು. ದಸರೆಯ ಸುಮಾರಿಗೆ, ಮಾಬ್ಲನ ಅಣ್ಣ ಕಡಲಲ್ಲಿ ದೋಣಿ ಮಗುಚಿ ಹೋದನೆಂಬ ಸುದ್ದಿ ಬಂತು. ಸೂತಕದ ಮನೆ, ಒಂದು ವರ್ಷ ಕಾಯಬೇಕಾಗುತ್ತದೆ ಎಂದು ನರ್ಮದಾ ತನಗೆ ತಾನೇ ಹೇಳಿಕೊಂಡಳು. ಆದರೆ ಮುಂದಿನ ಬೇಸಿಗೆಯಲ್ಲೇ ಬಲೆ ತಂದವರೊಬ್ಬರು ಅಪ್ಪನೊಡನೆ ಮಾತಾಡುತ್ತ, ಮಾಬ್ಲನಿಗೆ ಮದುವೆಯಾಯಿತು ಎಂದರು. ಅವಳು ಒಳಗೆ ಅಕ್ಕಿ ಕೇರುತ್ತಿದ್ದಳು. ಕೇರಿ ಮುಗಿಸಿದಳು.

ಆಮೇಲೆ ಎರಡು ಮೂರು ಕಡೆಯಿಂದ ಸಂಬಂಧ ಬಂದವು. ಅವಳು ಬೇಡ ಎಂದಳು. ಅಪ್ಪನಿಗೆ ಕಣ್ಣು ಮಂಜಾಗುತ್ತ ಬಂದಿತ್ತು, ಅವನನ್ನು ನೋಡಿಕೊಳ್ಳಬೇಕು ಎಂಬ ಕಾರಣ ಜನರಿಗೆ ಸಾಕಾಯಿತು. ಹೊಲಿಗೆ ಕಲಿತಳು. ಅಪ್ಪ ತೀರಿಕೊಂಡ ಮೇಲೆ ಕುಮಟಾಕ್ಕೆ ಬಂದು ಅಂಗಡಿ ಇಟ್ಟಳು. ಜಗಳವಾಗಿ ಮುರಿದಿದ್ದರೆ ಮರೆಯಬಹುದಿತ್ತೇನೋ. ಯಾರಿಗೂ ಹೇಳದೆ ಶುರುವಾದದ್ದು ಯಾರಿಗೂ ತಿಳಿಯದಂತೆ ನಿಂತುಹೋದುದರಿಂದ, ಅದು ಮುಗಿಯಿತು ಎಂದು ಹೇಳುವವರೇ ಇರಲಿಲ್ಲ. ಇಪ್ಪತ್ತನಾಲ್ಕು ವರ್ಷವಾದರೂ ಹೊನ್ನಾವರದ ಬಸ್ಸು ಬಂದು ನಿಂತರೆ ಇಳಿಯುವವರ ಮುಖವನ್ನು ಅವಳ ಕಣ್ಣು ತಾನಾಗಿಯೇ ಹುಡುಕುತ್ತಿತ್ತು. ತನಗಾಗಿ ಮಾತ್ರ ಅವಳು ಒಂದು ದಿನವೂ ಕಾರ್ಡು ತೆಗೆಯಲಿಲ್ಲ.

ಕಳೆದ ಜುಲೈ ತಿಂಗಳಲ್ಲಿ, ಮಳೆ ಸ್ವಲ್ಪ ಬಿಟ್ಟ ಒಂದು ಬೆಳಿಗ್ಗೆ, ನಲವತ್ತೈದರ ಸುಮಾರಿನ ಹೆಂಗಸೊಬ್ಬಳು ಛತ್ರಿ ಮಡಿಸುತ್ತ ಅಂಗಡಿಗೆ ಬಂದಳು. ಕೈಯಲ್ಲಿ ಬಟ್ಟೆ ಇರಲಿಲ್ಲ.

"ಚಂದನಾ ಹೇಳಿದ್ಲು, ನನ್ ಅಕ್ಕನ ಮಗಳು. ಇಲ್ಲೇ ಕಾಲೇಜಿಗೆ ಬರ್ತದೆ," ಎಂದಳು. "ನೀವು ಮನಸ್ಸಲ್ಲಿರೂದು ಹೇಳ್ತ್ರಿ ಅಂತೆ."

"ಕೂತ್ಕಳಿ," ಎಂದು ನರ್ಮದಾ ಸ್ಟೂಲು ಸರಿಸಿದಳು. "ಯಾರ ಬಗ್ಗೆ?"

"ನಮ್ಮನೆಯವ್ರ ಬಗ್ಗೆ. ಶಿವರಾತ್ರಿ ಹೊತ್ತಿಗೆ ಲಕ್ವ ಹೊಡೀತು. ಬಲಗೈ ಬಲಗಾಲು ಹೋತು. ಕಾಲು ಈಗ ಒಂಚೂರು ಸುಧಾರ್ಸದೆ. ಮಾತು ಇಲ್ಲ. ನಾವು ಹೇಳಿದ್ದು ಎಲ್ಲ ತಿಳೀತದೆ ಅಂತ ಡಾಕ್ಟ್ರು ಹೇಳ್ತಾರೆ, ವಾಪಸ್ ಹೇಳೂಕೆ ಬರೂದಿಲ್ಲ. ದಿನವಿಡೀ ನನಗೆ ಬೆನ್ನು ಮಾಡಿ ಗೋಡೆ ಬದಿಗೆ ನೋಡ್ತಾ ಕೂತಿರ್ತಾರೆ." ಅವಳು ಸೆರಗಿನಿಂದ ಕುತ್ತಿಗೆ ಒರೆಸಿಕೊಂಡಳು. "ನಾನು ಮಾಡೂದೆಲ್ಲ ಮಾಡ್ತೆ. ಆದ್ರೆ ಅವ್ರ ಮನ್ಸಲ್ಲಿ ಎಂತ ಇದೆ ಅಂತ ನಂಗೆ ಗೊತ್ತಾಗ್ಬೇಕು."

ನರ್ಮದಾ ಕಾರ್ಡು ಕಲಸಿ ಮುಂದಿಟ್ಟಳು. ಹೆಂಗಸು ದೇವರಿಗೆ ಹೂ ಏರಿಸುವವಳ ಹಾಗೆ ಎರಡೂ ಕೈಯಿಂದ ಒಂದನ್ನು ಎತ್ತಿ ಕೊಟ್ಟಳು. ತಿರುಗಿಸಿದರೆ ಮೂರು ಕೋಲಿನ ಕಾರ್ಡು.

"ಅಯ್ಯೋ," ಎಂದಳು ಹೆಂಗಸು. "ಹೀಗೇ ಕೂತಿರೂದು ನೋಡಿ ಅವ್ರು."

ಈ ಕಾರ್ಡು ಬಂದಾಗ ನರ್ಮದಾ ಅವಸರದಲ್ಲಿ ಏನೂ ಹೇಳುತ್ತಿರಲಿಲ್ಲ. ಮೊದಲು ನಾಲ್ಕು ಪ್ರಶ್ನೆ ಕೇಳಿ, ಆ ಬೆನ್ನು ಯಾರದು, ಅವನು ನಿಂತ ದಡ ಯಾವುದು ಎಂದು ತಿಳಿದುಕೊಳ್ಳುತ್ತಿದ್ದಳು. "ನಿಮ್ಮ ಹೆಸರು ಎಂತ? ಅವ್ರ ಹೆಸರು?"

"ನಾನು ದೇವಿ." ಗಂಡನ ಹೆಸರು ಬಾಯಿಂದ ಹೊರಡಲು ಕೊಂಚ ತಡೆಯಿತು. "ಮಾಬ್ಲ ಅಂತ. ಕಾಸರಕೋಡು ನಮ್ದು. ದೋಣಿ ಇದೆ."

ಕುಮಟಾ, ಹೊನ್ನಾವರದ ಕಡೆ ಓಣಿಗೊಬ್ಬ ಮಾಬ್ಲ ಇರುತ್ತಾನೆ. ಕಾಸರಕೋಡಿನಲ್ಲೇ ಹತ್ತು ಜನ ಇದ್ದಾರು. ನರ್ಮದಾ ಹಾಗೆಂದುಕೊಂಡು, ಉಸಿರು ಬಿಡದೆ, "ಮೊದ್ಲಿಂದ್ಲೂ ದೋಣಿ ಕೆಲ್ಸನಾ?" ಎಂದಳು.

"ಮೊದ್ಲು ಬಲೆ ಕೆಲ್ಸ ಕಲೀತಿದ್ರು. ಈ ಕಡೆ ಧಾರೇಶ್ವರದ ಬದಿಗೇ ಬರ್ತಿದ್ರಂತೆ, ಮದುವೆಗೆ ಮುಂಚೆ."

ಹೊಲಿಗೆ ಯಂತ್ರದ ಮೇಲೆ ಇಟ್ಟಿದ್ದ ಕೈಯನ್ನು ನರ್ಮದಾ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು. ದೇವಿ ಅದನ್ನು ಗಮನಿಸಲಿಲ್ಲ. ತಡೆದಿಟ್ಟಿದ್ದ ಮಾತು ಅವಳಿಗೆ ಈಗ ಬರತೊಡಗಿತ್ತು.

"ನಿಮ್ಮ ಹತ್ರ ಎಂತ ಮುಚ್ಚೂದು ಅಕ್ಕಾ. ನನ್ನ ನಿಶ್ಚಯ ಮಾಡಿದ್ದು ಇವ್ರಿಗಲ್ಲ, ಇವ್ರ ಅಣ್ಣನಿಗೆ. ವೀಳ್ಯ ಆಗಿತ್ತು. ಅಷ್ಟರಲ್ಲಿ ಅವ್ರು ಕಡಲಲ್ಲಿ ಹೋದ್ರು. ನನ್ನ ಕಾಲ್ಗುಣ ಅಂತ ಜನ ಆಡ್ಕಳ್ಳೂಕೆ ಶುರು ಮಾಡಿದ್ರು. ನಮ್ಮಪ್ಪ ಮನೆಯಿಂದ ಹೊರಗೆ ಬೀಳೂದು ಬಿಟ್ರು. ಆಗ ಇವ್ರು ನಮ್ಮನೆಗೆ ಬಂದು, 'ಅವ್ಳನ್ನ ನಾನು ಮಾಡ್ಕಳ್ತೆ' ಅಂದ್ರು. ಯಾರೂ ಹೇಳಿ ಕಳಿಸಿದ್ದಲ್ಲ. ಇಷ್ಟು ವರ್ಷದಲ್ಲಿ ನನಗೊಂದು ಕೆಟ್ಟ ಮಾತು ಆಡ್ಲಿಲ್ಲ. ಒಳ್ಳೇ ಮಾತೂ ಆಡ್ಲಿಲ್ಲ. ಕನಿಕರಕ್ಕೆ ಮಾಡ್ಕಂಡ್ರಾ, ಮನಸ್ಸಿತ್ತಾ ಅಂತ ಕೇಳ್ಬೇಕು ಕೇಳ್ಬೇಕು ಅಂತಿದ್ದೆ. ಈಗ ಕೇಳಿದ್ರೂ ಹೇಳೂಕೆ ಬಾಯಿಲ್ಲ ಅವ್ರಿಗೆ."

ಇಪ್ಪತ್ತನಾಲ್ಕು ವರ್ಷ ನರ್ಮದಾ ಬಗೆಬಗೆಯಾಗಿ ಕಟ್ಟಿ ಕೆಡವಿದ್ದ ಕಾರಣ ಹೀಗೆ, ಸ್ಟೂಲಿನ ಮೇಲೆ ಕೂತವಳ ಬಾಯಿಂದ, ಸಲೀಸಾಗಿ ಹೊರಬಿತ್ತು. ಅವನು ಮರೆಯಲಿಲ್ಲ. ಬೇರೆ ಯಾರನ್ನೋ ಮೆಚ್ಚಿಯೂ ಹೋಗಲಿಲ್ಲ. ಅವಳಿಗೆ ಎದೆ ಬಿರಿಯುವಷ್ಟು ಅಳು ಬಂತು, ಅದರ ಬೆನ್ನಿಗೇ ಅಷ್ಟೇ ದೊಡ್ಡ ಸಂತೋಷವೂ ಬಂತು. ಕಾರ್ಡಿನಲ್ಲಿ ಬೆನ್ನು ಮಾಡಿ ನಿಂತವನನ್ನು ನೋಡಿದಳು. ಆ ದಡ ಈಗ ಧಾರೇಶ್ವರದ ದಡವಾಗಿತ್ತು.

"ಇವರ ಮನಸ್ಸು ಬಹಳ ದೂರದಲ್ಲಿದೆ," ಎಂದು ಅವಳು ಹೇಳಿದಳು. ತನ್ನ ದನಿ ತನಗೇ ಬೇರೆಯಾಗಿ ಕೇಳುತ್ತಿತ್ತು. "ಹಳೇದು ಎಂತದೋ ಒಂದು ಉಳ್ಕಂಡಿದೆ. ಅದನ್ನೇ ನೋಡ್ತಾ ಇದ್ದಾರೆ. ಮನೆಯೊಳಗೆ ಇದ್ದಾರೆ, ಮನಸ್ಸು ಮನೆಯಲ್ಲಿಲ್ಲ."

ದೇವಿ ಸೆರಗು ಸರಿಮಾಡಿಕೊಂಡಳು. "ನಂಗೆ ಗೊತ್ತಿತ್ತು," ಎಂದಳು. ಮತ್ತೇನೂ ಕೇಳದೆ ಛತ್ರಿ ತೆಗೆದುಕೊಂಡು ಹೊರಟುಹೋದಳು.

ಆ ಸಂಜೆ ಮನೆಗೆ ಹೋಗುವಾಗ ನರ್ಮದಾ ಒಂದು ಮೊಳ ಅಬ್ಬಲಿಗೆ ಕೊಂಡು ಮುಡಿದಳು. ಹೂವಿನವಳು, "ಎಂತ ವಿಶೇಷ ಅಕ್ಕಾ ಇವತ್ತು?" ಎಂದಳು. ಏನೂ ಇಲ್ಲ ಎಂದು ನರ್ಮದಾ ನಕ್ಕಳು. ಮೂರು ದಿನ ಹಾಗೆಯೇ ಹೋಯಿತು. ಬಟ್ಟೆ ಕತ್ತರಿಸುತ್ತ ಒಬ್ಬಳೇ ಗುನುಗುತ್ತಿದ್ದಳು. ದೇವಿಯ ಮುಖ ನೆನಪಾದಾಗ ಬೇಗ ಬೇಗ ಕಾಲು ಆಡಿಸಿ ಯಂತ್ರದ ಸದ್ದು ಹೆಚ್ಚಿಸುತ್ತಿದ್ದಳು.

ನಾಲ್ಕನೆಯ ದಿನ ಚಂದನಾ ಬಂದಳು. ಹೊಲಿಯಲು ಕೊಟ್ಟ ಯೂನಿಫಾರ್ಮು ಆಗಿದೆಯಾ ಎಂದೂ ಕೇಳಲಿಲ್ಲ.

"ಅಕ್ಕಾ, ದೇವಿ ಚಿಕ್ಕಮ್ಮನಿಗೆ ಎಂತ ಹೇಳಿದ್ರಿ?"

"ಎಂತಕ್ಕೆ?"

"ಬಂದಾಗಿಂದ ಸರಿ ಇಲ್ಲ. ಮೊದ್ಲು ಚಿಕ್ಕಪ್ಪನ ಹತ್ರ ಕೂತು ಊರ ಸುದ್ದಿ ಎಲ್ಲ ಹೇಳ್ತಿತ್ತು, ಅವ್ರು ತಿರುಗಿ ಮಾತಾಡದೆ ಇದ್ರೂ. ಈಗ ಅನ್ನ ಉಣ್ಸೂದು, ಎದ್ದು ಹೋಗೂದು. 'ಅವ್ರಿಗೆ ನಾನು ಬೇಡ, ಅಡ್ಡ ಬರೂದು ಎಂತಕ್ಕೆ' ಅಂತದೆ. ಚಿಕ್ಕಪ್ಪ ನಿನ್ನೆ ಅನ್ನದ ಬಟ್ಟಲು ದೂಡಿಬಿಟ್ರು."

ಚಂದನಾ ಹೋದ ಮೇಲೆ ನರ್ಮದಾ ಮುಂಬೈಗೆ ಫೋನ್ ಮಾಡಿದಳು. ನಡೆದದ್ದನ್ನೆಲ್ಲ ಹೇಳಲಿಲ್ಲ. ಒಂದು ಕಾರ್ಡು ತಪ್ಪು ಓದಿದೆ ಎಂದಷ್ಟೇ ಹೇಳಿದಳು. ಸುಷ್ಮಾ ಬಾಯಿ, "ತಪ್ಪು ಓದಿದೆಯಾ, ಬೇಕೆಂದು ಓದಿದೆಯಾ?" ಎಂದು ಕೇಳಿದರು. ನರ್ಮದಾ ಅಳತೆಯ ಟೇಪನ್ನು ಬೆರಳಿಗೆ ಸುತ್ತತೊಡಗಿದಳು. "ಹಾಗಾದರೆ ಫೋನು ಮಾಡಬೇಕಾದದ್ದು ನನಗಲ್ಲ," ಎಂದರು ಅವರು.

ಫೋನಿನಲ್ಲಿ ಹೇಳುವ ಮಾತು ಅದಾಗಿರಲಿಲ್ಲ. ಭಾನುವಾರ ಬೆಳಿಗ್ಗೆ ಅವಳು ಹೊನ್ನಾವರದ ಬಸ್ಸು ಹತ್ತಿದಳು, ಅಲ್ಲಿಂದ ಇನ್ನೊಂದು. ಶರಾವತಿ ಸೇತುವೆಯ ಮೇಲೆ ಬಸ್ಸು ಹೋಗುವಾಗ ನದಿ ಕೆಂಪಾಗಿ ತುಂಬಿ ಹರಿಯುತ್ತಿತ್ತು. ಇಷ್ಟು ವರ್ಷದಲ್ಲಿ ಅವಳು ಒಮ್ಮೆಯೂ ಈ ಸೇತುವೆ ದಾಟಿರಲಿಲ್ಲ. ಭಟ್ಕಳಕ್ಕೆ ಮದುವೆಗೆ ಕರೆ ಬಂದಾಗಲೂ ಏನೋ ನೆವ ಹೇಳಿ ತಪ್ಪಿಸಿದ್ದಳು. ಚೀಲದಲ್ಲಿ ಕಾರ್ಡಿನ ಕಟ್ಟು ಇತ್ತು. ಮತ್ತೊಮ್ಮೆ ಕಾರ್ಡು ತೆಗೆದು, ಒಳ್ಳೆಯದೊಂದು ಬರುವಂತೆ ಮಾಡಿ, ದೇವಿಗೆ ಸಮಾಧಾನ ಹೇಳಿ ಬರುವುದೆಂದು ಅವಳ ಲೆಕ್ಕ.

ಬಾಗಿಲಲ್ಲಿ ಅವಳನ್ನು ನೋಡಿ ದೇವಿಗೆ ಆಶ್ಚರ್ಯವಾಯಿತು. ಆದರೂ, "ಬನ್ನಿ," ಎಂದಳು.

ಜಗಲಿಯ ತುದಿಯಲ್ಲಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಅವನು ಕೂತಿದ್ದ. ತಲೆ ಪೂರ್ತಿ ಬೆಳ್ಳಗಾಗಿತ್ತು. ಬಲಗೈ ತೊಡೆಯ ಮೇಲೆ ಇತ್ತು, ಯಾರೋ ಅಲ್ಲಿ ಇಟ್ಟುಹೋದ ಹಾಗೆ. ಅವನೆದುರು ಗೋಡೆಯಲ್ಲಿ ಮುಚ್ಚಿದ ಕಿಟಕಿಯೊಂದಿತ್ತು.

"ಯಾರು ಬಂದಿದ್ದಾರೆ ನೋಡಿ. ಕುಮಟಾದ ಅಕ್ಕ," ಎಂದಳು ದೇವಿ.

ಅವನು ಮೆಲ್ಲಗೆ ತಿರುಗಿದ. ನರ್ಮದಾಳ ಮುಖವನ್ನೇ ನೋಡಿದ, ಬಹಳ ಹೊತ್ತು ನೋಡಿದ. ಅವನ ಕಣ್ಣಿಂದ ನೀರು ಇಳಿಯತೊಡಗಿತು. ನರ್ಮದಾ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

ದೇವಿ ಹೋಗಿ ಸೆರಗಿನಿಂದ ಅವನ ಕಣ್ಣು ಒರೆಸಿದಳು. "ಕಾಯಿಲೆ ಆದಾಗಿಂದ ಹೀಗೇ. ಯಾರು ಬಂದ್ರೂ ಕಣ್ಣೀರು ಬರ್ತದೆ. ಟೀವಿಲಿ ಸಾಬೂನಿನ ಜಾಹೀರಾತು ಬಂದ್ರೂ ಅಳ್ತಾರೆ. ಡಾಕ್ಟ್ರು ಹೇಳಿದಾರೆ, ಅದಕ್ಕೆ ಎಂತ ಅರ್ಥ ಇಲ್ಲ ಅಂತ."

ನರ್ಮದಾ ಅವನೆದುರು ಮಣೆ ಎಳೆದುಕೊಂಡು ಕೂತಳು. ಹೇಳಬೇಕೆಂದು ಬಂದ ಮಾತು ಒಂದೂ ನೆನಪಾಗಲಿಲ್ಲ. ಸುಮ್ಮನೆ ಇರಲಾರದೆ ಚೀಲದಿಂದ ಕಟ್ಟು ತೆಗೆದು ಅವನ ಮುಂದಿದ್ದ ಸ್ಟೂಲಿನ ಮೇಲೆ ಕಾರ್ಡುಗಳನ್ನು ಹರಡತೊಡಗಿದಳು. ಈ ಸಲ ಬೆನ್ನು ಕೆಳಗೆ, ಚಿತ್ರ ಮೇಲೆ. ಸೂರ್ಯ, ನಾಯಿ, ಬಟ್ಟಲು, ಕುದುರೆ, ಹೆಂಗಸು, ಮಗು. ಮಾಬ್ಲ ಬಾಗಿ ನೋಡಿದ. ಅವನ ಎಡಗೈ ಎದ್ದು ಕಾರ್ಡುಗಳ ಮೇಲೆ ತಡವುತ್ತ ಹೋಯಿತು. ನರ್ಮದಾಳಿಗೆ ಆ ಕೈಯನ್ನು ಬಿಟ್ಟು ಬೇರೆ ಏನೂ ಕಾಣಿಸುತ್ತಿರಲಿಲ್ಲ. ಏನನ್ನು ಆರಿಸುತ್ತಾನೆ? ತನಗಾಗಿ ಒಂದು, ತನಗೊಬ್ಬಳಿಗೇ ತಿಳಿಯುವಂಥದ್ದು ಒಂದು ಅಲ್ಲಿ ಇರಬಾರದೇ?

ಅವನು ಮೂರು ಕೋಲಿನ ಕಾರ್ಡನ್ನು ಎತ್ತಿದ. ಬೆನ್ನು ಮಾಡಿ ನಿಂತವನನ್ನು ಅವನು ನೋಡಲೇ ಇಲ್ಲ. ಕೆಳಗಿನ ಹಡಗಿನ ಮೇಲೆ ಬೆರಳಿಟ್ಟು ಕುಟ್ಟಿದ. "ತಾ... ತಾ..." ಎಂದ. ಮುಚ್ಚಿದ ಕಿಟಕಿಯ ಕಡೆ ಕೈಮಾಡಿ, ಮತ್ತೆ ಹಡಗಿನ ಮೇಲೆ ಕುಟ್ಟಿದ.

"ಹಡಗಾ?" ಎಂದಳು ದೇವಿ. "ದೋಣಿಯಾ? ದೋಣಿ ನೋಡ್ಬೇಕಾ ನಿಮ್ಗೆ?"

ಅವನು ತೊಡೆಯನ್ನು ಪಟಪಟ ಬಡಿದ. ಗಂಟಲಿನಿಂದ ದೊಡ್ಡದೊಂದು ಸ್ವರ ಬಂತು.

ದೇವಿ ಮುಚ್ಚಿದ ಕಿಟಕಿಯ ಕಡೆ ತಿರುಗಿದಳು. ಕಿಟಕಿ ತೆರೆದರೆ ಹೊಳೆಯ ಅಂಚಿಗೆ ಎಳೆದಿಟ್ಟ ದೋಣಿಗಳು ಕಾಣುತ್ತಿದ್ದವು. ಅವುಗಳನ್ನು ನೋಡಿ ಮನಸ್ಸಿಗೆ ಹಚ್ಚಿಕೊಂಡಾನೆಂದು ಕಾಯಿಲೆಯಾದ ಹೊಸದರಲ್ಲೇ ಅವಳು ಕಿಟಕಿ ಮುಚ್ಚಿಸಿದ್ದಳು. ದೋಣಿಯ ಮಾತನ್ನೇ ಅವನೆದುರು ಆಡಬೇಡಿ ಎಂದು ಬಂದವರಿಗೆಲ್ಲ ಹೇಳಿಟ್ಟಿದ್ದಳು. ಅವನು ಇಷ್ಟು ದಿನ ನೋಡುತ್ತಿದ್ದದ್ದು ಗೋಡೆಯನ್ನಲ್ಲ, ಕಿಟಕಿಯನ್ನು.

ದೇವಿಯ ತಮ್ಮ ದಿನೇಶ ಈಗ ಆ ದೋಣಿಯನ್ನು ನಡೆಸುತ್ತಿದ್ದ. ಫೋನ್ ಮಾಡಿದ ಅರ್ಧ ಗಂಟೆಗೆ ರಿಕ್ಷಾ ತಂದ. ನಾಲ್ಕು ದಿನದಲ್ಲಿ ಮೀನುಗಾರಿಕೆ ಶುರುವಾಗಲಿದ್ದುದರಿಂದ ದಂಡೆಯಲ್ಲಿ ಜನವೋ ಜನ. ದೋಣಿಗಳಿಗೆ ಹೊದೆಸಿದ್ದ ತೆಂಗಿನ ಗರಿಯನ್ನು ತೆಗೆಯುತ್ತಿದ್ದರು, ಬಣ್ಣ ಹಚ್ಚುತ್ತಿದ್ದರು. ಮಾಬ್ಲನನ್ನು ನೋಡಿ ಎಲ್ಲರೂ ಕೆಲಸ ಬಿಟ್ಟು ಬಂದರು. ದಿನೇಶ ಒಂದು ಕಡೆ, ದೇವಿ ಒಂದು ಕಡೆ ಹಿಡಿದು ಅವನನ್ನು ಮರಳಿನಲ್ಲಿ ನಡೆಸಿದರು. ನರ್ಮದಾ ಹಿಂದೆ ಬಂದಳು.

ಅವನು ಎಡಗೈಯನ್ನು ದೋಣಿಯ ಹಲಗೆಯ ಮೇಲಿಟ್ಟ. ಹಲಗೆ ಸೇರಿದ ಕಡೆಯಲ್ಲೆಲ್ಲ ಬೆರಳಾಡಿಸಿದ. ಒಂದು ಕಡೆ ನಿಲ್ಲಿಸಿ, ದಿನೇಶನ ಮುಖ ನೋಡಿ ತಲೆ ಅಲ್ಲಾಡಿಸಿದ. "ಹೌದು ಭಾವ, ಅಲ್ಲಿ ಇನ್ನೊಂದ್ ಸಲ ಬಣ್ಣ ಹಚ್ಚೂಕೆ ಇದೆ. ನಾಳೆ ಮಾಡ್ತೆ," ಎಂದ ದಿನೇಶ. ಸುತ್ತ ನಿಂತವರು ನಕ್ಕರು. ಮಾಬ್ಲನೂ ಅರ್ಧ ಮುಖದಲ್ಲಿ ನಕ್ಕ.

ಆಮೇಲೆ ಅವನು ತಲೆ ತಿರುಗಿಸಿ ಹುಡುಕಿದ. ಆಚೆ ನೋಡಿದ, ಈಚೆ ನೋಡಿದ. ದಿನೇಶನಿಗೆ ಜಾಗ ಬಿಟ್ಟು ಎರಡು ಹೆಜ್ಜೆ ಹಿಂದೆ ಸರಿದಿದ್ದ ದೇವಿ ಮುಂದೆ ಬಂದಳು. ಅವನು ಮೈಯನ್ನು ವಾಲಿಸಿ, ತನ್ನ ಭುಜ ಅವಳ ಭುಜಕ್ಕೆ ತಾಗುವವರೆಗೂ ಸರಿದು, ಆಮೇಲಷ್ಟೇ ಹೊಳೆ ಕಡಲು ಸೇರುವ ಅಳಿವೆಯ ಕಡೆ ಮುಖ ಮಾಡಿ ನಿಂತ. ಹಿಂದಿದ್ದ ನರ್ಮದಾಳಿಗೆ ಇಬ್ಬರ ಬೆನ್ನೂ ಕಾಣುತ್ತಿತ್ತು.

ಬಲೆಯ ರಾಶಿಯ ಮೇಲೆ ಕೂತಿದ್ದ ಮುದುಕರೊಬ್ಬರು ಅವಳನ್ನು ದಿಟ್ಟಿಸಿ, "ನೀನು ಧಾರೇಶ್ವರದ ಬಲೆ ಅಣ್ಣಪ್ಪನ ಮಗಳಲ್ವ? ಅಪ್ಪನದೇ ಮೋರೆ," ಎಂದರು ಗಟ್ಟಿಯಾಗಿ. ದೇವಿ ತಿರುಗಿ ನೋಡಿದಳು.

ಮನೆಗೆ ಬಂದು ಮಾಬ್ಲನನ್ನು ಮಲಗಿಸಿದ ಮೇಲೆ ದೇವಿ ಅಡುಗೆಮನೆಯಲ್ಲಿ ಗಂಜಿ ಬಡಿಸಿದಳು. ನರ್ಮದಾ ಬಟ್ಟಲು ಮುಟ್ಟಲಿಲ್ಲ.

"ಅತ್ತೆ ಸಾಯೂ ಮೊದ್ಲು ಒಂದ್ ಮಾತು ಹೇಳಿದ್ರು," ಎಂದಳು ದೇವಿ, ಒಲೆಯ ಕಡೆ ನೋಡುತ್ತ. "'ಬಲೆ ಅಣ್ಣಪ್ಪನ ಮನೆಯಲ್ಲಿ ಅವ್ನಿಗೆ ಮನಸ್ಸಿತ್ತು. ನಿನ್ನ ಸಲುವಾಗಿ ಬಿಟ್ಟ' ಅಂತ. ಯಾರು ಅಂತ ನಾನು ಕೇಳ್ಲಿಲ್ಲ. ಕೇಳಿ ಎಂತ ಮಾಡೂದು?"

"ನಾನೇ," ಎಂದಳು ನರ್ಮದಾ. ಅವಳ ಬಾಯಿಂದ ಆ ಮಾತು ಇನ್ನೊಬ್ಬರ ಎದುರು ಹೊರಬಿದ್ದದ್ದು ಅದೇ ಮೊದಲು. "ನೀವು ಅಂಗಡಿಗೆ ಬಂದಾಗ ನಂಗೆ ಗೊತ್ತಿರ್ಲಿಲ್ಲ. ಕಾರ್ಡು ತೆಗೆದ ಮೇಲೆ ಗೊತ್ತಾತು. ಆವತ್ತು ನಾನು ಹೇಳಿದ್ದು ಅವ್ರ ಮನಸ್ಸಲ್ಲ ದೇವಿ. ನನ್ನ ಮನಸ್ಸು. ಅದನ್ನ ಹೇಳದೆ ಹೋಗೂಕೆ ಆಗೂದಿಲ್ಲ."

ದೇವಿ ಸೌಟನ್ನು ಗಂಜಿಯ ಪಾತ್ರೆಯಲ್ಲಿಟ್ಟಳು. ಹೊರಗೆ ಮಳೆ ಮತ್ತೆ ಶುರುವಾಯಿತು. ಅವಳು ಸಿಟ್ಟು ಮಾಡಿದರೂ ನ್ಯಾಯವೇ ಎಂದು ನರ್ಮದಾ ಕಾದಳು.

"ಇಷ್ಟು ವರ್ಷ ನೀವು ಮದುವೆ ಆಗ್ಲಿಲ್ವ?"

"ಇಲ್ಲ."

"ಅವ್ರಿಗೆ ಗೊತ್ತಾ?"

"ಗೊತ್ತಿರೂಕೆ ಇಲ್ಲ."

ದೇವಿ ಹತ್ತಿರ ಬಂದು ಎದುರಿಗೆ ಕೂತಳು. "ನನ್ನ ಮೇಲೆ ಕೋಪ ಇಲ್ವ ನಿಮ್ಗೆ?"

"ಯಾರ ಮೇಲೆ ಅಂತ ಗೊತ್ತಿರ್ಲಿಲ್ಲ," ಎಂದಳು ನರ್ಮದಾ. "ಈಗ ಗೊತ್ತಾದ ಮೇಲೆ ಕೋಪ ಬರೂದಿಲ್ಲ."

"ಹಾಗಾದ್ರೆ ಈಗ ಹೇಳಿ. ಕಾರ್ಡು ಬೇಡ. ಅವ್ರ ಮನಸ್ಸಲ್ಲಿ ಎಂತ ಇದೆ?"

"ನಂಗೆ ತಿಳೀದು ದೇವಿ. ದಂಡೆ ಮೇಲೆ ನಿಮ್ಮನ್ನ ಹುಡುಕಿದ್ರು. ನೀವು ಸಿಕ್ಕಿದ ಮೇಲೆ ಸಮಾಧಾನದಲ್ಲಿ ನಿಂತ್ರು. ನಾನು ಕಣ್ಣಲ್ಲಿ ನೋಡಿದ್ದು ಇಷ್ಟು."

ದೇವಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತಳು. ನರ್ಮದಾಳಿಗೂ ಅಳು ತಡೆಯಲಿಲ್ಲ. ಇಬ್ಬರೂ ಒಂದೇ ಮನುಷ್ಯನ ಸಲುವಾಗಿ, ಬೇರೆ ಬೇರೆ ಕಾರಣಕ್ಕೆ, ಒಂದೇ ಅಡುಗೆಮನೆಯಲ್ಲಿ ಕೂತು ಅತ್ತರು. ಆಮೇಲೆ ದೇವಿ ಮುಖ ತೊಳೆದುಕೊಂಡು, "ಗಂಜಿ ಆರಿ ಹೋತು. ಬಿಸಿ ಹಾಕ್ತೆ, ಉಣ್ಣಿ. ನಾಲ್ಕಕ್ಕೆ ಬಸ್ಸು," ಎಂದಳು.

ಕುಮಟಾಕ್ಕೆ ಬಂದ ಮೇಲೆ ನರ್ಮದಾ ದಪ್ಪ ಬಿಳಿ ಬಟ್ಟೆಯ ಮೇಲೆ ಬಣ್ಣದ ತುಂಡುಗಳನ್ನು ಇಟ್ಟು ಹೊಲಿದು ಇಪ್ಪತ್ತು ಚಿತ್ರ ಮಾಡಿದಳು. ಅನ್ನ, ನೀರು, ಚಾ, ಬಚ್ಚಲು, ನೋವು, ದೋಣಿ, ಮೀನು, ಹೊದಿಕೆ, ಕಿಟಕಿ. ನಡುವೆ ಒಂದು ಹೆಂಗಸು, ದೇವಿ ಆ ದಿನ ಉಟ್ಟಿದ್ದಂಥದೇ ಹಸಿರು ಸೀರೆ. ತನಗೆಂದು ಒಂದು ಚಿತ್ರ ಸೇರಿಸಲು ಒಂದು ಮೂಲೆ ಖಾಲಿ ಇತ್ತು. ತುಂಬ ಹೊತ್ತು ಯೋಚಿಸಿ ಅಲ್ಲಿ ಕೋಳಿ ಹೊಲಿದಳು. ಅವರ ಅಂಗಳದಲ್ಲಿ ಕೋಳಿಗಳಿದ್ದವು. ಚಂದನಾಳ ಕೈಯಲ್ಲಿ ಅದನ್ನು ಕಳಿಸಿಕೊಟ್ಟಳು. ಮಾಬ್ಲ ಅದರ ಮೇಲೆ ಬೆರಳಿಟ್ಟು ಬೇಕಾದ್ದನ್ನು ಕೇಳುತ್ತಾನಂತೆ, ಬೇಡದ ಊಟ ಬಂದರೆ ದೋಣಿಯ ಮೇಲೆ ಬೆರಳಿಟ್ಟು ಹೊರಗೆ ಹೋಗುತ್ತೇನೆಂದು ಹೆದರಿಸುತ್ತಾನಂತೆ.

ಅಂಗಡಿಗೆ ಈಗಲೂ ಹೆಂಗಸರು ಬರುತ್ತಾರೆ, ಕಾರ್ಡು ತೆಗೆಯಲು ಕೇಳುತ್ತಾರೆ. ನರ್ಮದಾ ತೆಗೆಯುತ್ತಾಳೆ. ಆದರೆ ಮೊದಲಿಗಿಂತ ಕಡಿಮೆ ಹೇಳುತ್ತಾಳೆ, ಹೆಚ್ಚು ಕೇಳುತ್ತಾಳೆ. ಭಟ್ಕಳದಾಕೆಗೆ, "ಹೂಂ ಅಂದಾಗ ಫೋನ್ ಇಡಬೇಡಿ, ಎಂತಕ್ಕೆ ಹೂಂ ಅಂತ ಅವ್ರನ್ನೇ ಕೇಳಿ," ಎಂದಳಂತೆ. ಆಕೆಗೆ ಅದು ಅಷ್ಟು ರುಚಿಸಲಿಲ್ಲ.

ದೀಪಾವಳಿಯ ಮರುದಿನ ಮಧ್ಯಾಹ್ನ ದೇವಿಯ ಫೋನ್ ಬಂತು. "ಅಕ್ಕಾ, ಇವ್ರಿಗೆ ಒಂದ್ ಮಾತು ಬಂತು! ತಡೀರಿ, ಕೇಳ್ಸ್ತೆ." ಏನೋ ಸರಿದಾಡಿದ ಸದ್ದು, ದೇವಿ ಹುರಿದುಂಬಿಸುವ ಸದ್ದು. ಆಮೇಲೆ ಫೋನಿನ ತೀರ ಹತ್ತಿರ, ಒರಟಾಗಿ, ಅರ್ಧ ಉಸಿರಲ್ಲಿ, "ಬಾ," ಎಂದಿತು ಅವನ ದನಿ. ಸ್ವಲ್ಪ ಬಿಟ್ಟು ಮತ್ತೊಮ್ಮೆ, "ಬಾ."

ನರ್ಮದಾ ಫೋನನ್ನು ಕಿವಿಗೆ ಒತ್ತಿ ಹಿಡಿದಳು.

"ಕೇಳ್ತಾ?" ದೇವಿ ನಗುತ್ತಿದ್ದಳು. "ಎಲ್ಲರಿಗೂ ಅದೇ. ನನಗೂ ಬಾ, ಡಾಕ್ಟ್ರಿಗೂ ಬಾ. ಕೋಳಿಗೂ ಬಾ. ನೀವೂ ಬನ್ನಿ ಒಂದ್ ದಿನ."

"ಬರ್ತೆ," ಎಂದಳು ನರ್ಮದಾ, ಅವಳೂ ನಗುತ್ತ. ಫೋನ್ ಇಟ್ಟ ಮೇಲೆ ಯಂತ್ರದ ಎದುರು ಕೂತಳು. ಸೂಜಿಯ ಕೆಳಗೆ ಯಾರದೋ ಹುಡುಗಿಯ ನಿಶ್ಚಿತಾರ್ಥದ ಬ್ಲೌಸಿನ ತೋಳು ಅರ್ಧ ಹೊಲಿದು ನಿಂತಿತ್ತು. ಓಣಿಯಲ್ಲಿ ಹೊನ್ನಾವರದ ಬಸ್ಸಿನ ಕಂಡಕ್ಟರು ಕೂಗುವುದು ಕೇಳಿಸಿತು. ಬಸ್ಸು ಹೊರಟು ಸದ್ದು ಪೂರ್ತಿ ಅಡಗುವವರೆಗೂ ಅವಳ ಕಾಲು ಪೆಡಲಿನ ಮೇಲೆ ಸುಮ್ಮನೆ ಇತ್ತು.